ಹಾವು ಕಡಿತ: ಮೊದಲ ಹತ್ತು ವಯಲ್ ಹತ್ತಿರದ ಆಸ್ಪತ್ರೆಯಲ್ಲೇ ಏರಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿದ ಮೇಲೆ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಕಾಣುವ ಸುದ್ದಿಯೊಂದಿದೆ. ಗದ್ದೆಗೋ ತೋಟಕ್ಕೋ ಹೋದವರಿಗೆ ಹಾವು ಕಚ್ಚಿತು, ಸ್ಥಳೀಯ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಕೊಡಿಸಿ ಹೆಚ್ಚಿನ ಚಿಕಿತ್ಸೆಗೆ ಸಾಗಿಸುವಾಗ ಮಾರ್ಗಮಧ್ಯೆ ಮೃತಪಟ್ಟರು. ಇಲ್ಲಿ ‘ಪ್ರಥಮ ಚಿಕಿತ್ಸೆ’ ಎಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಸಲ ಅದು ಧನುರ್ವಾಯು ತಡೆಯುವ ಒಂದು ಟಿಟಿ ಇಂಜೆಕ್ಷನ್, ಒಂದು ಬಾಟಲಿ ಸಲೈನ್ ಮತ್ತು ಒಂದು ರೆಫರಲ್ ಚೀಟಿ. ಮೂರರಲ್ಲಿ ಯಾವುದೂ ವಿಷಕ್ಕೆ ಮದ್ದಲ್ಲ. ಅಷ್ಟೇ ಅಲ್ಲ, ಮಂಡಲದ ಹಾವು ಕಚ್ಚಿ ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿರುವವರ ಸ್ನಾಯುವಿಗೆ ಟಿಟಿ ಚುಚ್ಚಿದರೆ ಚುಚ್ಚಿದಲ್ಲೇ ರಕ್ತ ತುಂಬಿಕೊಳ್ಳುತ್ತದೆ. ಟಿಟಿಗೆ ಅವಸರವಿಲ್ಲ, ಹೆಪ್ಪುಗಟ್ಟುವಿಕೆ ಸರಿಹೋದ ಮೇಲೆ ಕೊಡಬಹುದು.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದಿನಿಂದ ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಆಸ್ಪತ್ರೆ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕಿಳಿಸುವ ಕ್ರಿಯಾಯೋಜನೆ ಹೊರತಂದಿತು. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಲೆಕ್ಕ ಇಡುವುದು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಲೆಕ್ಕ ಇಳಿಯಬೇಕಾದರೆ ರೋಗಿ ಮೊದಲು ಮುಟ್ಟುವ ಆಸ್ಪತ್ರೆಯಲ್ಲೇ ಪ್ರತಿವಿಷ, ಅಂದರೆ ಎಎಸ್‌ವಿ, ಏರಬೇಕು. ಈ ಪತ್ರ ಅದೊಂದರ ಬಗ್ಗೆ.

ಎಎಸ್‌ವಿ ಮಾಡುವ ಕೆಲಸ ಸರಳ. ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಈಗಾಗಲೇ ನರದ ತುದಿಗೆ ಅಂಟಿದ, ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟ ವಿಷವನ್ನು ಅದು ಕಿತ್ತು ತೆಗೆಯಲಾರದು. ಹೀಗಾಗಿ ಎರಡು ತಾಸು ತಡವಾಗಿ ಕೊಟ್ಟ 20 ವಯಲ್ (ಮದ್ದಿನ ಸಣ್ಣ ಸೀಸೆ) ಹೊತ್ತಿಗೆ ಸರಿಯಾಗಿ ಕೊಟ್ಟ 10 ವಯಲ್‌ನ ಕೆಲಸ ಮಾಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ವೆಂಟಿಲೇಟರ್ ಖಾಲಿ ಇರುವ ಕಡೆಗೆ ಹೀಗೆ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಳೆದುಹೋಗುವುದು ಆ ಎರಡು ತಾಸೇ.

ಯಾಕೆ ಕೊಡುವುದಿಲ್ಲ? ಜನ ತಿಳಿದಂತೆ ವೈದ್ಯರ ಸೋಮಾರಿತನ ಇದಕ್ಕೆ ಕಾರಣವಲ್ಲ. ಕಾರಣಗಳು ಬೇರೆ ಇವೆ, ಒಂದೊಂದೂ ಸರಿಪಡಿಸಬಹುದಾದವೇ.

ಮೊದಲನೆಯದು ದಾಸ್ತಾನು. ದೊಡ್ಡವರಿರಲಿ, ಮಗುವಿರಲಿ, ಗರ್ಭಿಣಿಯಿರಲಿ, ವಿಷ ಏರಿದ ಲಕ್ಷಣ ಕಂಡರೆ ಮೊದಲ ಡೋಸ್ 10 ವಯಲ್. ಹಾವು ಮಗುವಿಗೆಂದು ವಿಷ ಕಮ್ಮಿ ಬಿಡುವುದಿಲ್ಲವಾದ್ದರಿಂದ ಮದ್ದೂ ಕಮ್ಮಿಯಾಗುವುದಿಲ್ಲ. ಹೀಗಿರುವಾಗ ಒಂದು ಕೇಂದ್ರದ ಫ್ರಿಜ್ಜಿನಲ್ಲಿ ನಾಲ್ಕು ವಯಲ್ ಇದ್ದರೆ ‘ಎಎಸ್‌ವಿ ಲಭ್ಯವಿದೆ’ ಎಂದು ವರದಿ ಹೋಗುತ್ತದೆ, ರೋಗಿಯ ಪಾಲಿಗೆ ಮಾತ್ರ ಅಲ್ಲಿ ಇರುವುದು ಸೊನ್ನೆ. ಸಾಮಾನ್ಯ ಮಾತ್ರೆಯಂತೆ ‘ಸರಾಸರಿ ಬಳಕೆ’ ನೋಡಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದರೆ ಆಗುವುದು ಇದೇ: ಕಳೆದ ವರ್ಷ ಎರಡೇ ಪ್ರಕರಣ ಬಂದವು, ಇಬ್ಬರನ್ನೂ ರೆಫರ್ ಮಾಡಿದರು, ಬಳಕೆ ಸೊನ್ನೆ, ಹಾಗಾಗಿ ಈ ವರ್ಷವೂ ಕಡಿಮೆ ಇಂಡೆಂಟ್. ಎಎಸ್‌ವಿಯನ್ನು ಬಳಕೆ ನೋಡಿ ತರಿಸಬಾರದು, ಬೆಂಕಿ ಆರಿಸುವ ಸಿಲಿಂಡರ್‌ನಂತೆ ಇಟ್ಟುಕೊಳ್ಳಬೇಕು. ದಿನದ 24 ಗಂಟೆ ತೆರೆದಿರುವ ಪ್ರತಿ ಕೇಂದ್ರದಲ್ಲಿ ಕನಿಷ್ಠ 20 ವಯಲ್ ಇರಲಿ, ಒಬ್ಬ ರೋಗಿಗೆ ಆರಂಭಕ್ಕೆ 10, ಮುಂದಿನ ಡೋಸ್‌ಗೋ ಅದೇ ರಾತ್ರಿ ಬರುವ ಮತ್ತೊಬ್ಬರಿಗೋ 10. ಅವಧಿ ಮುಗಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆಂಬ ಹೆದರಿಕೆ ಫಾರ್ಮಸಿಸ್ಟರಿಗಿದೆ, ನ್ಯಾಯವಾದ ಹೆದರಿಕೆಯೇ. ಅವಧಿ ಮುಗಿಯಲು ಆರು ತಿಂಗಳಿರುವಾಗ ಆ ವಯಲ್‌ಗಳನ್ನು ಹೆಚ್ಚು ಪ್ರಕರಣ ಬರುವ ಜಿಲ್ಲಾಸ್ಪತ್ರೆಗೆ ಕಳಿಸಿ ಹೊಸವನ್ನು ತರಿಸಿಕೊಂಡರಾಯಿತು. ಅದಕ್ಕೊಂದು ಆದೇಶ ಬೇಕು. ಇನ್ನೊಂದು ಮಾತು, ದ್ರವರೂಪದ ಎಎಸ್‌ವಿಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಪುಡಿರೂಪದ್ದು ಅಷ್ಟು ನಾಜೂಕಲ್ಲ. ಕರೆಂಟ್ ಕೈಕೊಡುವ ಊರುಗಳಿಗೆ ಪುಡಿಯ ವಯಲ್‌ಗಳನ್ನೇ ಕಳಿಸಬೇಕೆಂಬುದನ್ನು ಖರೀದಿ ಮಾಡುವವರು ಗಮನದಲ್ಲಿಡಬೇಕು.

ಎರಡನೆಯದು ಕಲಸುವ ಕೆಲಸ. ಕೇಳಲು ಸಣ್ಣ ವಿಷಯ, ನಡುರಾತ್ರಿ ಒಬ್ಬ ವೈದ್ಯ, ಒಬ್ಬ ಸಿಸ್ಟರ್ ಇರುವ ಕಡೆ ಸಣ್ಣದಲ್ಲ. ಒಂದೊಂದು ಪುಡಿ ವಯಲ್‌ಗೂ 10 ಮಿಲಿಲೀಟರ್ ಸ್ಟೆರೈಲ್ ನೀರು. ಗಾಬರಿಯಲ್ಲಿ ಕೈ ತಾನಾಗಿ ಕುಲುಕಲು ಹೋಗುತ್ತದೆ. ಕುಲುಕಬಾರದು, ನೊರೆ ಬಂದರೆ ಪ್ರೋಟೀನು ಕೆಡುತ್ತದೆ, ನೊರೆ ಸಿರಿಂಜಿಗೂ ಬರುವುದಿಲ್ಲ. ಎರಡು ಅಂಗೈ ನಡುವೆ ಇಟ್ಟು ಕಡೆಗೋಲು ತಿರುಗಿಸಿದಂತೆ ಮೆಲ್ಲಗೆ ಹೊರಳಿಸಬೇಕು. ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಒಡೆಯುತ್ತ ಕೂತರೆ ಹತ್ತು ಮುಗಿಯುವಷ್ಟರಲ್ಲಿ ಅಮೂಲ್ಯ ಹೊತ್ತು ಹೋಗಿರುತ್ತದೆ. ಮೊದಲು ಹತ್ತಕ್ಕೂ ನೀರು ಬಿಟ್ಟು, ಸಾಲಾಗಿ ಇಟ್ಟು, ಒಂದೊಂದನ್ನೇ ಸರದಿಯಲ್ಲಿ ಹೊರಳಿಸಿದರೆ ಉಳಿದವು ತಮ್ಮಷ್ಟಕ್ಕೆ ನೆನೆಯುತ್ತಿರುತ್ತವೆ. 500 ಮಿಲಿಲೀಟರ್ ಸಲೈನ್ ಬಾಟಲಿಯಿಂದ ಅರ್ಧ ಹೊರಚೆಲ್ಲಿ, ಕರಗಿದ 100 ಮಿಲಿಲೀಟರ್ ಸೇರಿಸಿ, ಒಂದು ತಾಸಿನಲ್ಲಿ ಏರಿಸಬೇಕು. ಹನಿಯ ಲೆಕ್ಕ ಬೇಕೆನ್ನುವವರಿಗೆ: ಮಿಲಿಲೀಟರಿಗೆ 20 ಹನಿಯ ಸಾಮಾನ್ಯ ಸೆಟ್‌ನಲ್ಲಿ ನಿಮಿಷಕ್ಕೆ 115ರ ಆಸುಪಾಸು, ಮೊದಲ ಹತ್ತು ನಿಮಿಷ ಇದಕ್ಕಿಂತ ನಿಧಾನ. ಮಕ್ಕಳಿಗೆ ವಯಲ್ ಅಷ್ಟೇ, ಕಡಿಮೆಯಾಗಬೇಕಾದ್ದು ಸಲೈನ್: ಕೆ.ಜಿ. ತೂಕಕ್ಕೆ 5ರಿಂದ 10 ಮಿಲಿಲೀಟರ್. ಕಚ್ಚಿದ ಜಾಗದ ಸುತ್ತ ಎಎಸ್‌ವಿ ಚುಚ್ಚುವ ಹಳೆಯ ಅಭ್ಯಾಸ ಯಾರಿಗಾದರೂ ಉಳಿದಿದ್ದರೆ ಬಿಡಲಿ, ಅದರಿಂದ ನೋವು ಮಾತ್ರ.

ಮೂರನೆಯದು ರಿಯಾಕ್ಷನ್‌ನ ಭಯ. ನಿಜವಾದ ಅಡ್ಡಿ ಇದೇ. ಎಎಸ್‌ವಿ ಕುದುರೆಯ ರಕ್ತದಿಂದ ತೆಗೆದದ್ದು, ನಮ್ಮ ಮೈಗೆ ಹೊರಗಿನ ಪ್ರೋಟೀನು. ಕೆಲವರಿಗೆ ತುರಿಕೆ, ದದ್ದು, ವಾಂತಿ, ನಡುಕ ಬರುತ್ತದೆ. ಕೆಲವರಿಗೆ ಬಿಪಿ ಕುಸಿದು ಉಸಿರುಕಟ್ಟುತ್ತದೆ. ಹಾವು ಕಚ್ಚಿ ಸತ್ತರೆ ಹಣೆಬರಹ, ಇಂಜೆಕ್ಷನ್ ಕೊಟ್ಟ ಮೇಲೆ ಸತ್ತರೆ ಡಾಕ್ಟರ ಕೊಲೆ ಎಂಬ ಲೆಕ್ಕಾಚಾರ ಆಸ್ಪತ್ರೆಯ ಹೊರಗೆ ನಿಂತ ಗುಂಪಿನಲ್ಲಿರುವಾಗ, ಗ್ರಾಮೀಣ ಸೇವೆಗೆ ಬಂದ ಹೊಸ ವೈದ್ಯೆ 108ಕ್ಕೆ ಫೋನ್ ಮಾಡುವುದು ಅಚ್ಚರಿಯಲ್ಲ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ವೈದ್ಯರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದ ಕಾನೂನಿದೆ. ಕಾನೂನು ಇದ್ದರೂ ರಾತ್ರಿ ಎರಡು ಗಂಟೆಗೆ ಗೇಟಿನಲ್ಲಿ ಒಬ್ಬ ಕಾವಲುಗಾರನೂ ಇಲ್ಲದಿದ್ದರೆ ಅದರಿಂದ ಧೈರ್ಯ ಬರುವುದಿಲ್ಲ.

ಈ ರಿಯಾಕ್ಷನ್‌ಗೆ ಮದ್ದು ಕೈಗೆಟುಕುವಷ್ಟು ಹತ್ತಿರದಲ್ಲಿದೆ, ಅಗ್ಗವೂ ಹೌದು. ಅಡ್ರಿನಲಿನ್. ಡ್ರಿಪ್ ಶುರುಮಾಡುವ ಮೊದಲೇ ಸಿರಿಂಜಿನಲ್ಲಿ ಎಳೆದು ಟ್ರೇಯಲ್ಲಿ ಇಟ್ಟಿರಬೇಕು, ಆಂಪ್ಯೂಲ್ ಎಲ್ಲಿದೆ ಎಂದು ಆಮೇಲೆ ಹುಡುಕುವುದಲ್ಲ. ತುರಿಕೆ, ಕೆಮ್ಮು, ಹೊಟ್ಟೆ ನುಲಿತ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ, ವಯಸ್ಕರಿಗೆ 1:1000 ಸಾಂದ್ರತೆಯ ಅಡ್ರಿನಲಿನ್ 0.5 ಮಿಲಿಲೀಟರ್ ತೊಡೆಯ ಹೊರಭಾಗದ ಸ್ನಾಯುವಿಗೆ, ಮಕ್ಕಳಿಗೆ ಕೆ.ಜಿ.ಗೆ 0.01 ಮಿಲಿಲೀಟರ್. ತಗ್ಗದಿದ್ದರೆ 5ರಿಂದ 10 ನಿಮಿಷ ಬಿಟ್ಟು ಮತ್ತೊಮ್ಮೆ. ಅಲರ್ಜಿಗೆ ಕೊಡುವ ಏವಿಲ್, ಹೈಡ್ರೊಕಾರ್ಟಿಸೋನ್ ಆಮೇಲೆ ಬರಲಿ, ಅವು ಅಡ್ರಿನಲಿನ್‌ನ ಜಾಗ ತುಂಬುವುದಿಲ್ಲ. ಮುಖ್ಯವಾದ ಮಾತು ಇನ್ನೊಂದಿದೆ: ರಿಯಾಕ್ಷನ್ ತಣ್ಣಗಾದ ಮೇಲೆ ಅದೇ ಡ್ರಿಪ್ಪನ್ನು ನಿಧಾನವಾಗಿ ಮತ್ತೆ ಶುರುಮಾಡಬೇಕು. ‘ಇವರಿಗೆ ಎಎಸ್‌ವಿ ಆಗಿಬರುವುದಿಲ್ಲ’ ಎಂದು ಚೀಟಿಯಲ್ಲಿ ಬರೆದು ಕಳಿಸಿದರೆ ವಿಷ ಒಳಗೇ ಉಳಿಯುತ್ತದೆ. ಚರ್ಮದಡಿ ಚುಚ್ಚಿ ನೋಡುವ ಟೆಸ್ಟ್ ಡೋಸ್‌ಗೆ ಅರ್ಥವಿಲ್ಲವೆಂದು ಮಾರ್ಗಸೂಚಿಗಳು ಹೇಳಿ ವರ್ಷಗಳಾದವು. ಯಾರಿಗೆ ರಿಯಾಕ್ಷನ್ ಆಗುತ್ತದೆ ಎಂಬುದನ್ನು ಅದು ಹೇಳಲಾರದು, ಅರ್ಧ ತಾಸು ತಿನ್ನುತ್ತದೆ ಅಷ್ಟೇ. ಐದರಿಂದ ಹನ್ನೆರಡು ದಿನ ಕಳೆದು ಜ್ವರ, ಗಂಟುನೋವು, ತುರಿಕೆ ಬರುವವರೂ ಇದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ಒಂದು ಸಾಲು ಬರೆದರೆ ಅವರು ‘ವಿಷ ಮರುಕಳಿಸಿತು’ ಎಂದು ಮಂತ್ರ ಹಾಕಿಸಲು ಹೋಗುವುದು ತಪ್ಪುತ್ತದೆ.

ಹಾಗೆಂದು ಹುಳ ಮುಟ್ಟಿದೆ ಎಂದು ಬಂದವರಿಗೆಲ್ಲ ಎಎಸ್‌ವಿ ಏರಿಸಬೇಕೆಂದು ಹೇಳುತ್ತಿಲ್ಲ. ಕೇರೆ ಹಾವು ಕಚ್ಚಿದವರೂ ಬರುತ್ತಾರೆ. ವಿಷದ ಹಾವೇ ಕಚ್ಚಿದರೂ ವಿಷ ಬಿಡದಿರುವುದುಂಟು. ಲಕ್ಷಣವಿಲ್ಲದವರಿಗೆ ಕೊಟ್ಟರೆ ರಿಯಾಕ್ಷನ್‌ನ ಅಪಾಯ ಮಾತ್ರ ಸಿಗುತ್ತದೆ, ವಯಲ್ಲೂ ಖರ್ಚು. ಅಂಥವರನ್ನು 24 ಗಂಟೆ ಮಲಗಿಸಿಕೊಂಡು ನೋಡಬೇಕು. ಇಲ್ಲಿ ಸಂಬಂಧಿಕರ ಒತ್ತಡ ಉಲ್ಟಾ ದಿಕ್ಕಿನಿಂದ ಬರುತ್ತದೆ: ‘ಇಂಜೆಕ್ಷನ್ ಯಾಕೆ ಕೊಡ್ತಿಲ್ಲ ಸಾರ್?’ ಕಾಯುವುದೂ ಚಿಕಿತ್ಸೆಯೇ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು.

ಮಂಡಲದ ಹಾವಿನ ವಿಷ ಏರಿದೆಯೋ ಇಲ್ಲವೋ ತಿಳಿಯಲು ಲ್ಯಾಬ್ ಬೇಕಿಲ್ಲ. ಗಾಜಿನ ಒಂದು ಟ್ಯೂಬ್ ಸಾಕು. ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ತೆಗೆದು ಹೊಸ, ಒಣಗಿದ, ಏನೂ ಸವರಿರದ ಗಾಜಿನ ಟ್ಯೂಬಿಗೆ ಹಾಕಿ, ಗಡಿಯಾರ ನೋಡಿ 20 ನಿಮಿಷ ಅಲುಗಾಡಿಸದೆ ಬಿಡಬೇಕು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ, ಎಎಸ್‌ವಿ ಶುರು. ಇಷ್ಟು ಸರಳವಾದದ್ದು ಎಡವುವುದು ಎಲ್ಲಿ ಎಂದರೆ ಟ್ಯೂಬಿನಲ್ಲಿ. ರಕ್ತ ಹೆಪ್ಪುಗಟ್ಟಲು ಗಾಜಿನ ಮೈ ಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲೋ ಸಿರಿಂಜಿನಲ್ಲೋ ಬಿಟ್ಟರೆ, ಸೋಪಿನ ಪುಡಿ ಹಾಕಿ ತೊಳೆದ ಗಾಜಿನಲ್ಲಿಟ್ಟರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಈಗ ಲ್ಯಾಬ್‌ಗಳೆಲ್ಲ ಬಣ್ಣದ ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿಗೆ ಬದಲಾಗಿರುವುದರಿಂದ ಸಾದಾ ಗಾಜಿನ ಟ್ಯೂಬನ್ನು ಪ್ರತ್ಯೇಕವಾಗಿ ತರಿಸಿಡಬೇಕು. ಕೆಲವೇ ರೂಪಾಯಿಯ ವಸ್ತು. ಅನುಮಾನವಿದ್ದರೆ ಪಕ್ಕದಲ್ಲಿ ಹಾವು ಕಚ್ಚದ ಇನ್ನೊಬ್ಬರ ರಕ್ತ ಇಟ್ಟು ಹೋಲಿಸಿ. ಮೊದಲ ಸಲ ಹೆಪ್ಪುಗಟ್ಟಿತೆಂದು ಮನೆಗೆ ಕಳಿಸುವಂತೆಯೂ ಇಲ್ಲ: ಮೂರು ತಾಸಿನವರೆಗೆ ಅರ್ಧ ತಾಸಿಗೊಮ್ಮೆ, ಮುಂದೆ ತಾಸಿಗೊಮ್ಮೆ ಮಾಡಬೇಕು. ಎಎಸ್‌ವಿ ಕೊಟ್ಟ ಮೇಲಾದರೆ ಆರು ತಾಸು ಕಾಯಬೇಕು, ಕರಗಿಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಹಿಡಿಯುತ್ತದೆ. ಒಂದು ತಾಸಿಗೇ ಪರೀಕ್ಷೆ ಮಾಡಿ ‘ಇನ್ನೂ ಹೆಪ್ಪುಗಟ್ಟಿಲ್ಲ’ ಎಂದು ಮತ್ತೆ ಹತ್ತು, ಮತ್ತೆ ಹತ್ತು ಸುರಿಯುವುದು ದಂಡ. ಕೊಳಕುಮಂಡಲ ಕಚ್ಚಿದವರ ಮೂತ್ರವನ್ನು ತಾಸಿಗಿಷ್ಟು ಎಂದು ಅಳೆದು ಬರೆಯಬೇಕು, ಮೂತ್ರಪಿಂಡ ಕೈಕೊಡುವ ಮೊದಲ ಸೂಚನೆ ಅಲ್ಲಿ ಸಿಗುತ್ತದೆ.

ನಾಗರಹಾವು, ಕಟ್ಟುಹಾವುಗಳ ವಿಷ ರಕ್ತಕ್ಕಿಂತ ನರಕ್ಕೆ ಹೋಗುತ್ತದೆ. ಟ್ಯೂಬಿನಲ್ಲಿ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ನೋಡಬೇಕಾದ್ದು ಕಣ್ಣಿನ ರೆಪ್ಪೆ. ಮೇಲೆ ನೋಡಿ ಎಂದರೆ ರೆಪ್ಪೆ ಏಳುವುದಿಲ್ಲ, ಆಮೇಲೆ ನಾಲಿಗೆ ತೊದಲುತ್ತದೆ, ಕತ್ತು ನಿಲ್ಲುವುದಿಲ್ಲ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ, ಎಷ್ಟಕ್ಕೆ ನಿಂತರೆಂದು ಬರೆದುಕೊಳ್ಳಿ. ಮೊದಲು 30ರವರೆಗೆ ಹೋದವರು ಅರ್ಧ ತಾಸಿನಲ್ಲಿ 15ಕ್ಕೆ ನಿಂತರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ನಾಗರಹಾವಿಗೆ ಎಎಸ್‌ವಿ ಜೊತೆಗೆ ಅಟ್ರೋಪಿನ್ 0.6 ಮಿಲಿಗ್ರಾಂ ಕೊಟ್ಟು ನಿಯೋಸ್ಟಿಗ್ಮಿನ್ 1.5 ಮಿಲಿಗ್ರಾಂ ಸ್ನಾಯುವಿಗೆ ಕೊಟ್ಟರೆ ಎಷ್ಟೋ ಸಲ ಕಣ್ಣೆದುರೇ ರೆಪ್ಪೆ ಏಳುತ್ತದೆ. ಕಟ್ಟುಹಾವಿಗೆ ಅದು ಅಷ್ಟಾಗಿ ನಡೆಯುವುದಿಲ್ಲ, ಆ ವಿಷ ನರದ ತುದಿಯನ್ನೇ ಕೆಡಿಸಿರುತ್ತದೆ. ಒಂದು ತಾಸಿನಲ್ಲಿ ಏನೂ ಬದಲಾಗದಿದ್ದರೆ ಮತ್ತೆ ಕೊಡಬೇಡಿ.

ಕಟ್ಟುಹಾವಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದು ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ಕಟ್ಟಿದಂತೆ ಎಂದು ಬರುತ್ತಾರೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋದರೆ ಮತ್ತೆ ಬರುವುದಿಲ್ಲ. ಮಳೆಗಾಲದಲ್ಲಿ ಬೆಳಗಿನ ಹೊಟ್ಟೆನೋವಿಗೆ ‘ರಾತ್ರಿ ಎಲ್ಲಿ ಮಲಗಿದ್ರಿ?’ ಎಂದು ಕೇಳುವುದು, ರೆಪ್ಪೆ ನೋಡುವುದು ಅಭ್ಯಾಸವಾಗಬೇಕು. ವಿಷದಿಂದ ಮೈಯೆಲ್ಲ ಸ್ತಬ್ಧವಾದವರ ಕಣ್ಣಿನ ಪಾಪೆ ಹಿಗ್ಗಿ, ಬೆಳಕಿಗೂ ಕುಗ್ಗದೆ, ಮಿದುಳು ಸತ್ತಂತೆಯೇ ಕಾಣುತ್ತದೆ. ಒಳಗೆ ಅವರಿಗೆ ಎಲ್ಲ ಕೇಳಿಸುತ್ತಿರಬಹುದು. ವೆಂಟಿಲೇಟರ್‌ನಲ್ಲಿ ದಿನಗಟ್ಟಲೆ ಇಟ್ಟರೆ ಎದ್ದು ನಡೆದು ಹೋಗುತ್ತಾರೆ. ‘ಆಸೆ ಇಲ್ಲ’ ಎಂದು ಹೇಳಲು ಯಾರೂ ಅವಸರ ಮಾಡಬಾರದು. ನೆಲದ ಮೇಲೆ ಮಲಗುವುದು ಅನಿವಾರ್ಯವಾದವರು ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿಕೊಂಡರೆ ಈ ಹಾವಿನಿಂದ ಬಹುಮಟ್ಟಿಗೆ ಪಾರಾಗಬಹುದು.

ರೆಫರ್ ಮಾಡುವುದೇ ತಪ್ಪೆಂದಲ್ಲ. ಡಯಾಲಿಸಿಸ್, ವೆಂಟಿಲೇಟರ್ ಪ್ರಾಥಮಿಕ ಕೇಂದ್ರದಲ್ಲಿ ಇರುವುದಿಲ್ಲ. ಕಳಿಸಲಿ, ಆದರೆ ಡ್ರಿಪ್ ಓಡುತ್ತಿರುವಾಗ ಕಳಿಸಲಿ, ತೊಡೆಗೆ ಚುಚ್ಚಲು ಅಡ್ರಿನಲಿನ್ ಸಿರಿಂಜು ಜೊತೆಗಿರಲಿ, ಉಸಿರು ಸೋಲುತ್ತಿರುವವರೊಂದಿಗೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತಲು ಬಲ್ಲವರೊಬ್ಬರು ಹತ್ತಲಿ. ಐದಾರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಒತ್ತಿದರೆ ಸಾಕು. ಗಾಬರಿಯಲ್ಲಿ ನಿಮಿಷಕ್ಕೆ ಮೂವತ್ತು ಸಲ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಚೀಟಿಯಲ್ಲಿ ‘ಸ್ನೇಕ್ ಬೈಟ್, ರೆಫರ್ಡ್’ ಎಂದು ಮೂರು ಪದ ಗೀಚಿದರೆ ಮುಂದಿನ ವೈದ್ಯರು ಮೊದಲಿನಿಂದ ಶುರುಮಾಡಬೇಕು. ಕಚ್ಚಿದ ಸಮಯ, ಎಎಸ್‌ವಿ ಶುರುವಾದ ಸಮಯ, ಎಷ್ಟು ವಯಲ್, ಟ್ಯೂಬ್ ಪರೀಕ್ಷೆಯ ಫಲ ಮತ್ತು ಗಂಟೆ, ರೆಪ್ಪೆಯ ಸ್ಥಿತಿ, ಒಂದುಸಿರಿನ ಎಣಿಕೆ, ಆದ ರಿಯಾಕ್ಷನ್ ಇಷ್ಟಿದ್ದರೆ ಅವರ ಅರ್ಧ ಕೆಲಸ ಮುಗಿದಂತೆ. ಹೊರಡುವ ಮೊದಲು ಅಲ್ಲಿ ವೆಂಟಿಲೇಟರ್ ಖಾಲಿ ಇದೆಯೇ ಎಂದು ಒಂದು ಫೋನ್. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ನೋಂದಣಿ ಕಾನೂನಿನ ಕೆಲಸ, ಡ್ರಿಪ್ ಓಡುತ್ತಿರುವಾಗ ಮಾಡಬಹುದು. ಪೊಲೀಸರಿಗಾಗಿ ಚಿಕಿತ್ಸೆ ಕಾಯುವಂತಿಲ್ಲ. ಮುಂಗಡಕ್ಕಾಗಿಯೂ ಕಾಯುವಂತಿಲ್ಲ, ತುರ್ತುಸ್ಥಿತಿಯಲ್ಲಿ ಹಣ ಕಟ್ಟಿದ ಮೇಲೆಯೇ ಚಿಕಿತ್ಸೆ ಎನ್ನಲು ಕೆಪಿಎಂಇ ಕಾಯ್ದೆ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಖಾಸಗಿ ಆಸ್ಪತ್ರೆಗಳಿಗೂ ಬಿಡುವುದಿಲ್ಲ.

ಎಎಸ್‌ವಿಗೂ ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. ಅದನ್ನು ತಯಾರಿಸುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಆ ವಿಷ ಮುಖ್ಯವಾಗಿ ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಷ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ತರಗೆಲೆಯ ನಡುವೆ ಇರುವ, ಮೂಗಿನ ತುದಿ ಮೇಲೆದ್ದ ಗುಳಿಮಂಡಲಕ್ಕೆ ಈ ಎಎಸ್‌ವಿ ಕೆಲಸವನ್ನೇ ಮಾಡುವುದಿಲ್ಲ. ಅದೂ ಮೂತ್ರಪಿಂಡ ಕೆಡಿಸಬಲ್ಲದು. ಹತ್ತು ವಯಲ್ ಕೊಟ್ಟು ಆರು ತಾಸಿನ ಮೇಲೂ ರಕ್ತ ಹೆಪ್ಪುಗಟ್ಟದ ಮಲೆನಾಡಿನ ರೋಗಿಯಲ್ಲಿ ಈ ಹಾವನ್ನು ನೆನಪಿಸಿಕೊಳ್ಳಬೇಕು. ಮೊಬೈಲಿನಲ್ಲಿ ದೂರದಿಂದ ತೆಗೆದ ಒಂದು ಫೋಟೊ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾವನ್ನು ಬೆನ್ನಟ್ಟಿ ಹೊಡೆದು ಚೀಲದಲ್ಲಿ ತರುವ ಸಾಹಸ ಮಾತ್ರ ಬೇಡ, ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡರೆ ಆ ರಾತ್ರಿ 20 ವಯಲ್ ಬೇಕಾಗುತ್ತದೆ.

ಮನೆಯವರು ಮಾಡಬೇಕಾದ್ದು ಕಡಿಮೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯುವುದು, ಮುರಿದ ಕೈಕಾಲಿಗೆ ಕಟ್ಟಿದಂತೆ ಪಟ್ಟಿ ಕೊಟ್ಟು ಅಲುಗಾಡದಂತೆ ಇಡುವುದು, ನಡೆಸದೆ ಹೊತ್ತುಕೊಂಡು ಬರುವುದು. ಕೊಯ್ಯುವುದು, ಹೀರುವುದು ಬೇಡ. ಬಿಗಿಯಾಗಿ ಹಗ್ಗ ಕಟ್ಟಿಕೊಂಡೇ ಬಂದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಎಎಸ್‌ವಿ ಏರತೊಡಗಿದ ಮೇಲೆ ವೈದ್ಯರ ಎದುರಲ್ಲೇ ಬಿಚ್ಚಬೇಕು, ತಡೆದಿದ್ದ ವಿಷ ಒಮ್ಮೆಗೇ ನುಗ್ಗುತ್ತದೆ. ರೈತ ಸತ್ತರೆ ಕೃಷಿ ಇಲಾಖೆಯ 2 ಲಕ್ಷ ರೂಪಾಯಿ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ‘ಹೋದ ಜೀವ ಕೊಯ್ಯುವುದೇಕೆ’ ಎಂದು ಮಣ್ಣು ಮಾಡಿದ ಕುಟುಂಬಗಳು ಆಮೇಲೆ ಕಚೇರಿ ಸುತ್ತುತ್ತವೆ.

ಇಲಾಖೆಗೆ ಕೇಳುವುದು ಇಷ್ಟು: ಪ್ರಕರಣಗಳ ಸಂಖ್ಯೆಯ ಜೊತೆಗೆ ಕಚ್ಚಿದ ಗಂಟೆ, ಮೊದಲ ಆಸ್ಪತ್ರೆ ಮುಟ್ಟಿದ ಗಂಟೆ, ಮೊದಲ ವಯಲ್ ಏರಿದ ಗಂಟೆ ಮತ್ತು ಏರಿದ ಜಾಗ, ಈ ನಾಲ್ಕನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಲಿ. ವೈದ್ಯರನ್ನು ಶಿಕ್ಷಿಸಲು ಅಲ್ಲ. ಎಲ್ಲಿ ವಯಲ್ ಇರಲಿಲ್ಲ, ಎಲ್ಲಿ ಎರಡನೇ ಸಿಸ್ಟರ್ ಇರಲಿಲ್ಲ, ಎಲ್ಲಿ ಗಾಜಿನ ಟ್ಯೂಬ್ ಇರಲಿಲ್ಲ ಎಂಬುದು ಆ ನಾಲ್ಕು ಅಂಕಿಯಲ್ಲಿ ತಾನಾಗಿ ಕಾಣುತ್ತದೆ. ತಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಸಲ ‘ಪ್ರಥಮ ಚಿಕಿತ್ಸೆ ಕೊಡಿಸಿ’ ಎಂದು ಬರೆಯುವ ಮೊದಲು, ಆ ಮೊದಲ ಆಸ್ಪತ್ರೆಯಲ್ಲಿ ಎಷ್ಟು ವಯಲ್ ಕೊಟ್ಟರೆಂದು ಕೇಳಿ ಆ ಸಂಖ್ಯೆಯನ್ನೇ ಬರೆಯಲಿ.

ಇಂತಿ,
ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯ